ಲೀಗ್ ಬಲ್ಲದು, ಕಪ್ ಅರಿಯದು: ಒಂದು ಫುಟ್‌ಬಾಲ್ ಸ್ಕೋರ್ ಆ್ಯಪ್‌ನ ವಿಮರ್ಶೆ

ಯುರೋಪಿನ ದೇಶೀಯ ಲೀಗ್‌ಗಳನ್ನೂ ಸೋತವರು ಹೊರಬೀಳುವ ನಾಕೌಟ್ ಕಪ್‌ಗಳನ್ನೂ ಒಂದೇ ಕಡೆ ನೋಡಬೇಕೆಂಬ ಆಸೆಯಿಂದ ಚಂದಾ ಕಟ್ಟಿ ತೆಗೆದುಕೊಂಡ ಸ್ಕೋರ್ ಆ್ಯಪ್ ಒಂದನ್ನು ನಾನು ಕೆಲವು ಋತುಗಳಿಂದ ದಿನವೂ ಬಳಸುತ್ತಿದ್ದೇನೆ. ಲೀಗ್‌ನ ಮಟ್ಟಿಗೆ ಇದರ ಕೆಲಸ ಅಚ್ಚುಕಟ್ಟಾಗಿದೆ. ಕಪ್‌ನ ವಿಷಯ ಬಂದಾಗ ಮಾತ್ರ, ಆ ಪಂದ್ಯಾವಳಿಗಳನ್ನು ಜನ ಯಾಕೆ ನೋಡುತ್ತಾರೆ ಎಂಬುದೇ ಇದನ್ನು ಮಾಡಿದವರಿಗೆ ತಿಳಿದಂತಿಲ್ಲ.

ಅಂಕಪಟ್ಟಿಯಿಂದಲೇ ಶುರು ಮಾಡುತ್ತೇನೆ. ಎರಡು ತಂಡಗಳ ಅಂಕ ಸಮನಾದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೋಲು ವ್ಯತ್ಯಾಸವನ್ನು (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರವನ್ನು) ನೋಡಿದರೆ, ಸ್ಪೇನಿನ ಲಾ ಲೀಗಾ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವನ್ನು ಮೊದಲು ನೋಡುತ್ತದೆ. ಆ್ಯಪ್ ಈ ಭೇದವನ್ನು ಸರಿಯಾಗಿ ಪಾಲಿಸುತ್ತದೆ. ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ 18 ತಂಡಗಳ ಪೈಕಿ 16ನೆಯದು ನೇರವಾಗಿ ಕೆಳಗಿಳಿಯದೆ ಎರಡನೇ ದರ್ಜೆಯ ಮೂರನೇ ತಂಡದ ಎದುರು ಆಡಿ ಉಳಿಯಬೇಕಾಗುತ್ತದೆ ಎಂಬುದನ್ನೂ ಬೇರೆ ಬಣ್ಣದಲ್ಲಿ ಗುರುತಿಸಿದ್ದಾರೆ.

ನನಗೆ ಬಹಳ ಹಿಡಿಸಿದ್ದು ಹಳೆಯ ಋತುಗಳ ಪಟ್ಟಿಯನ್ನು ನಿಮಿಷ ನಿಮಿಷಕ್ಕೆ ಸರಿಸಿ ನೋಡುವ ಸೌಲಭ್ಯ. ಪ್ರೀಮಿಯರ್ ಲೀಗ್ ಋತುವಿನ ಕೊನೆಯ ದಿನವಾದ 2012ರ ಮೇ 13ರ ಪುಟ ತೆರೆದು 90ನೇ ನಿಮಿಷಕ್ಕೆ ನಿಲ್ಲಿಸಿದರೆ ಮ್ಯಾಂಚೆಸ್ಟರ್ ಯುನೈಟೆಡ್ 89 ಅಂಕಗಳೊಂದಿಗೆ ಮೇಲೆ, ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು 1–2ರಿಂದ ಹಿಂದಿರುವ ಮ್ಯಾಂಚೆಸ್ಟರ್ ಸಿಟಿ 86ರೊಂದಿಗೆ ಕೆಳಗೆ. ಬೆರಳು ಸ್ವಲ್ಪ ಸರಿಸಿದರೆ ಸಿಟಿಯ ಜೆಕೊ ಗೋಲಿನಿಂದ ಪಂದ್ಯ ಸಮನಾಗಿ 87, ಇನ್ನೊಂದಿಷ್ಟು ಸರಿಸಿದರೆ ಅಗ್ವೆರೊ ಗೋಲಿನಿಂದ ಗೆಲುವಾಗಿ 89. ಗೋಲು ವ್ಯತ್ಯಾಸದ ಬಲದ ಮೇಲೆ ಎರಡು ಸಾಲುಗಳು ಅದಲುಬದಲಾಗುತ್ತವೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇಷ್ಟು ಶ್ರದ್ಧೆಯುಳ್ಳವರು ಕಪ್‌ಗಳನ್ನು ಕೈಬಿಟ್ಟದ್ದೇ ನನ್ನ ಬೇಸರ. ಮೊದಲ ಸುತ್ತು ಮುಗಿಯುತ್ತಿದ್ದಂತೆ ಆ್ಯಪ್ ಫೈನಲ್‌ವರೆಗಿನ ಹಾದಿಯನ್ನು ಮರದ ಕೊಂಬೆಗಳಂತೆ ಬಿಡಿಸಿಬಿಡುತ್ತದೆ. ಇಟಲಿಯ ಕೊಪ್ಪಾ ಇಟಾಲಿಯಾದಲ್ಲಿ ಹಾದಿ ಮೊದಲೇ ನಿಗದಿಯಾಗಿರುವುದರಿಂದ ಅಲ್ಲಿ ಅದು ಸರಿ. ಆದರೆ ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ, ಜರ್ಮನಿಯ ಡಿಎಫ್‌ಬಿ ಪೊಕಾಲ್‌ನಲ್ಲಿ ಪ್ರತಿ ಸುತ್ತಿಗೂ ಯಾರ ಎದುರು ಯಾರು ಎಂದು ಹೊಸದಾಗಿ ಡ್ರಾ (ಚೀಟಿ) ತೆಗೆಯುತ್ತಾರೆ. ಮುಂದಿನ ಎದುರಾಳಿ ಯಾರೆಂದು ಡ್ರಾ ಮುಗಿಯುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಇಲ್ಲದ ಹಾದಿಯನ್ನು ತೋರಿಸುವುದು ಸ್ಪಷ್ಟವಾಗಿ ತಪ್ಪು ಮಾಹಿತಿ.

ಕಪ್‌ನಲ್ಲಿ ಬೇರೆ ಬೇರೆ ದರ್ಜೆಯ ತಂಡಗಳು ಎದುರಾಗುತ್ತವೆ, ಕೆಳಗಿನ ತಂಡ ಮೇಲಿನದನ್ನು ಸೋಲಿಸುವುದೇ ಅದರ ಸೊಗಸು; ಹಾಗಾಗಿ ಇನ್ನೂ ದೊಡ್ಡ ಕೊರತೆಯೆಂದರೆ ತಂಡಗಳ ದರ್ಜೆಯನ್ನು ಎಲ್ಲಿಯೂ ನಮೂದಿಸದಿರುವುದು. 2023ರ ನವೆಂಬರ್ 1ರಂದು ಡಿಎಫ್‌ಬಿ ಪೊಕಾಲ್‌ನಲ್ಲಿ ಮೂರನೇ ದರ್ಜೆಯ ಸಾರ್‌ಬ್ರುಕೆನ್ ತನ್ನದೇ ಮೈದಾನದಲ್ಲಿ ಮೊದಲ ದರ್ಜೆಯ ಬಯರ್ನ್ ಮ್ಯೂನಿಕ್ ತಂಡವನ್ನು ಎದುರಿಸಿತು. ಮ್ಯೂಲರ್ ಗೋಲಿನಿಂದ ಬಯರ್ನ್ ಮುಂದಾಗಿ, ವಿರಾಮಕ್ಕೆ ಮುನ್ನ ಸ್ಕೋರ್ ಸಮನಾಗಿ, 96ನೇ ನಿಮಿಷದಲ್ಲಿ ಮಾರ್ಸೆಲ್ ಗೌಸ್ ಹೊಡೆದ ಗೋಲಿನಿಂದ ಸಾರ್‌ಬ್ರುಕೆನ್ 2–1ರಿಂದ ಗೆದ್ದಿತು. ನನ್ನ ಫೋನಿನಲ್ಲಿ ಮೂಡಿದ್ದು ಎರಡು ಹೆಸರು, ಎರಡು ಅಂಕಿ, ಅಷ್ಟೇ. ಹೆಸರಿನ ಪಕ್ಕದಲ್ಲಿ ಪುಟ್ಟದಾಗಿ ‘3’ ಎಂದು ಬರೆದಿದ್ದರೂ ಈ ಪಂದ್ಯಾವಳಿಗೆ ಹೊಸಬರಾದವರು ಆಗಿದ್ದೇನೆಂದು ಅರ್ಥ ಮಾಡಿಕೊಳ್ಳುತ್ತಿದ್ದರು. 2000ರಲ್ಲಿ ನಾಲ್ಕನೇ ದರ್ಜೆಯ ಹವ್ಯಾಸಿ ತಂಡ ಕಾಲೆ ಫ್ರೆಂಚ್ ಕಪ್‌ನ ಫೈನಲ್ ತಲುಪಿ ನಾಂತ್ ಎದುರು 1–2ರಿಂದ ಸೋತದ್ದೂ ಇಲ್ಲಿ ಅಷ್ಟೇ ಸಪ್ಪೆಯಾದ ಒಂದು ಸಾಲು.

ಪೆನಾಲ್ಟಿ ಶೂಟೌಟ್‌ನ ಗೋಲುಗಳನ್ನು ಪಂದ್ಯದ ಗೋಲುಗಳಿಗೆ ಕೂಡಿಸಿ ತೋರಿಸುವ ದೋಷವೂ ಇದೆ. 1–1 ಸಮವಾಗಿ, ಶೂಟೌಟ್ 4–3 ಆದ ಪಂದ್ಯ ಇಲ್ಲಿ 5–4 ಆಗುತ್ತದೆ. ದೂರು ಬರೆದೆ, ದೂರು ಸ್ವೀಕರಿಸಿದ್ದೇವೆ ಎಂಬ ಯಾಂತ್ರಿಕ ಉತ್ತರದ ಹೊರತು ಬೇರೇನೂ ಬರಲಿಲ್ಲ.

ಲೀಗ್ ಮಾತ್ರ ನೋಡುವವರು ಧಾರಾಳವಾಗಿ ಕೊಳ್ಳಬಹುದು, ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಪ್‌ಗಳಿಗೆ ಒಂದೂವರೆಗಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಚಂದಾ ನವೀಕರಿಸಿದ್ದೇನೆ, ಆದರೆ ಕಪ್ ಪಂದ್ಯಗಳ ದಿನ ಆಯೋಜಕರ ಜಾಲತಾಣವನ್ನೇ ತೆರೆದಿಟ್ಟುಕೊಂಡು, ಕೆಳಗಿನ ದರ್ಜೆಯ ತಂಡಗಳ ಹೆಸರಿನ ಪಕ್ಕದಲ್ಲಿ ನಾನೇ ಪೆನ್ಸಿಲ್ಲಿನಿಂದ ದರ್ಜೆ ಬರೆದುಕೊಳ್ಳುತ್ತಿದ್ದೇನೆ.