ಎರಡು ಟನ್ ಕಾರಿನ ಜೊತೆ ಐದು ವರ್ಷ

ನನ್ನ ಹಿಂದಿನ ಕಾರು 1,150 ಕೆಜಿ ಇತ್ತು. ಈಗಿನ ಐಷಾರಾಮಿ ಸೆಡಾನ್ 2,150 ಕೆಜಿ. ಐದು ವರ್ಷದಲ್ಲಿ 68,000 ಕಿ.ಮೀ. ಓಡಿಸಿದ್ದೇನೆ. ಸೀಟು, ಸ್ಕ್ರೀನು, ಸ್ಪೀಕರು ಎಲ್ಲ ಚೆನ್ನಾಗಿವೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಒಂದು ಟನ್ ವ್ಯತ್ಯಾಸದ ಬಗ್ಗೆ ಹೇಳಲೇಬೇಕು.

ನೇರ ಹೆದ್ದಾರಿಯಲ್ಲಿ ಈ ಭಾರ ನಿಜಕ್ಕೂ ಸುಖ. ಪಕ್ಕದಲ್ಲಿ ಲಾರಿ ಹಾದುಹೋದರೆ ಹಳೇ ಕಾರು ಗಾಳಿಗೆ ಓಲಾಡುತ್ತಿತ್ತು, ಇದು ಕದಲುವುದಿಲ್ಲ. ಚಕ್ರಗಳಿಗಿಂತ ಬಾಡಿ ಅಷ್ಟೊಂದು ಭಾರ ಇರುವುದರಿಂದ ಸಣ್ಣಪುಟ್ಟ ಗುಂಡಿಗಳ ಏಟು ಕೆಳಗೇ ಮುಗಿದುಹೋಗುತ್ತದೆ. ಆರು ಗಂಟೆ ಓಡಿಸಿ ಇಳಿದರೂ ಬೆನ್ನು ನೋವಿಲ್ಲ.

ತಿರುವುಗಳಲ್ಲಿ ಹಾಗಲ್ಲ. ಆಕ್ಟಿವ್ ಆಂಟಿ-ರೋಲ್ ಬಾರ್ ಬಾಡಿಯನ್ನು ವಾಲಲು ಬಿಡುವುದಿಲ್ಲ, ಹಿಂದಿನ ಚಕ್ರಗಳೂ ಒಂದಿಷ್ಟು ತಿರುಗುತ್ತವೆ. ಹಾಗಾಗಿ ಚಿಕ್ಕ ಕಾರಿನಲ್ಲಿ ಕೂತಂತೆಯೇ ಅನ್ನಿಸುತ್ತದೆ. ನಾನು ಮೋಸ ಹೋಗಿದ್ದೂ ಅಲ್ಲೇ. ಮಳೆಯಲ್ಲಿ ಒಂದು ಬಿಗಿ ತಿರುವಿಗೆ ಹಳೇ ಅಭ್ಯಾಸದ ವೇಗದಲ್ಲೇ ನುಗ್ಗಿದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಜಾರಿತು. ಎದುರಿಗೆ ಯಾರೂ ಇರಲಿಲ್ಲ, ಬಚಾವಾದೆ. ಕಾರು ತನ್ನ ತೂಕವನ್ನು ನಮ್ಮಿಂದ ಮರೆಮಾಚಬಹುದು, ಟೈರಿನಿಂದ ಮರೆಮಾಚಲು ಆಗುವುದಿಲ್ಲ.

ಬ್ರೇಕಿನದು ಇನ್ನೂ ದೊಡ್ಡ ಪಾಠ. ತುರ್ತಾಗಿ ಒಮ್ಮೆ ನಿಲ್ಲಿಸುವುದರಲ್ಲಿ ಈ ಕಾರು ಹಳೆಯದಕ್ಕಿಂತ ಏನೂ ಕಡಿಮೆಯಿಲ್ಲ, ಡಿಸ್ಕುಗಳೇ ಅಷ್ಟು ದೊಡ್ಡವು. ಕಷ್ಟ ಬರುವುದು ಉದ್ದನೆಯ ಇಳಿಜಾರಿನಲ್ಲಿ. ಲೆಕ್ಕ ಹಾಕಿ ನೋಡಿ: 2,150 ಕೆಜಿ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಗಂಟೆಗೆ 80 ಕಿ.ಮೀ. ವೇಗದಿಂದ 20 ಸಲ ಪೂರ್ತಿ ನಿಲ್ಲಿಸಿದಷ್ಟು! ಮೊದಲ ವರ್ಷ ಅದನ್ನೆಲ್ಲ ಬ್ರೇಕಿನ ಮೇಲೇ ಹೇರಿದ್ದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಗಿ ಒಳಕ್ಕಿಳಿಯತೊಡಗಿತು. ಆ ಭಯ ಇನ್ನೂ ಹೋಗಿಲ್ಲ. ಈಗ ಇಳಿಜಾರು ಶುರುವಾಗುವ ಮೊದಲೇ ಗೇರ್ ಕೆಳಗಿಳಿಸಿ ಎಂಜಿನ್ನಿಗೆ ಕೆಲಸ ಕೊಡುತ್ತೇನೆ.

ತೂಕ ಇಳಿಸುವ ಪ್ರಯತ್ನ ಆಗಿಲ್ಲ ಅಂತಲ್ಲ. 1994ರಲ್ಲೇ ಆಡಿ ಎ8 ಅಲ್ಯೂಮಿನಿಯಂ ಬಾಡಿಯೊಂದಿಗೆ ಬಂದಿತ್ತು. ಅಲ್ಲಿಂದೀಚೆಗೆ ಈ ವರ್ಗದ ಕಾರುಗಳು ಉಳಿಸಿದ ಕಿಲೋಗಳನ್ನು ಸೀಟಿನ ಮೋಟರು, ಎರಡು ಪದರದ ಗಾಜು, ಸದ್ದು ತಡೆಯುವ ಹೊದಿಕೆಗಳೇ ನುಂಗಿವೆ. ಈಗ ಬ್ಯಾಟರಿ ಬೇರೆ. ಬ್ಯಾಟರಿಯಲ್ಲೇ ಓಡುವ ರೋಲ್ಸ್-ರಾಯ್ಸ್ ಸ್ಪೆಕ್ಟರ್ 2,890 ಕೆಜಿ ತೂಗುತ್ತದೆ.

ಟೈರುಗಳು ಬೇಗ ಸವೆಯುತ್ತವೆ, ನನ್ನದು ಈಗ ಮೂರನೇ ಸೆಟ್. ಬದಲಾಯಿಸುವಾಗ ಅಳತೆಯೊಂದನ್ನೇ ನೋಡಬೇಡಿ, ಪಕ್ಕದಲ್ಲಿರುವ ಲೋಡ್ ಇಂಡೆಕ್ಸನ್ನೂ ಓದಿ. 104 ಅಂತಿದ್ದರೆ ಒಂದು ಟೈರು 900 ಕೆಜಿ ಹೊರುತ್ತದೆ, 100 ಇದ್ದರೆ 800 ಮಾತ್ರ. ಕಳೆದ ಸಲ ಅದೇ ಅಳತೆಯಲ್ಲಿ 100ರದ್ದು ತಕ್ಷಣ ಸಿಗುತ್ತಿತ್ತು. ಬೇಡವೆಂದು ಒಂದು ವಾರ ಕಾರು ನಿಲ್ಲಿಸಿಟ್ಟು, 104ರದ್ದು ಬಂದ ಮೇಲೇ ಹಾಕಿಸಿದೆ.