ರೊಟ್ಟಿ ಹೊಗೆಗೆ ಕೂಗುತ್ತಿದ್ದ ಸೆನ್ಸರ್

ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ ನಮ್ಮದೊಂದು ಸಣ್ಣ ಲಾಡ್ಜ್ ಇದೆ. 3 ಮಹಡಿ, ಕೆಳಗೆ ಖಾನಾವಳಿ. ಹೋದ ವರ್ಷ ಫೈರ್ ಅಲಾರ್ಮ್ ಹಾಕಿಸಿದೆವು. ಹಾಕಿದವರ ಹೆಸರು ಬೇಡ ಬಿಡಿ.

ವೈರಿಂಗ್ ನೀಟಾಗಿತ್ತು. ಆದರೆ ಅಡುಗೆಮನೆಗೂ ಸ್ಮೋಕ್ ಸೆನ್ಸರನ್ನೇ ಕೂರಿಸಿ ಹೋದರು. ರೊಟ್ಟಿ ಬಡಿಯೋಕೆ ಶುರು ಮಾಡಿದರೆ ಸಾಕು, ಹಂಚಿನ ಹೊಗೆಗೆ ಸೈರನ್! ಒಬ್ಬ ಗಿರಾಕಿ ಟವೆಲ್‌ನಲ್ಲೇ ರಸ್ತೆಗೆ ಓಡಿದ್ದರು. ಅಲ್ಲಿ ಹಾಕಬೇಕಾದ್ದು ಬಿಸಿಗೆ ಕೂಗುವ ಹೀಟ್ ಡಿಟೆಕ್ಟರ್, ಅಲ್ವಾ? 2 ತಿಂಗಳು ಫೋನ್ ಮಾಡಿ ಮಾಡಿ ಬದಲಿಸಿಕೊಂಡೆವು.

ಈಗ ಮೇಂಟೆನೆನ್ಸ್‌ಗೆ ಬೇರೆ ಹುಡುಗ ಬರುತ್ತಾನೆ, 3 ತಿಂಗಳಿಗೊಮ್ಮೆ. ಮೊದಲ ಸಲವೇ ಮೇಲಿನ ವರಾಂಡದ ಸೆನ್ಸರ್ ತಿರುಗಿಸಿ ಬಿಚ್ಚಿ ತೋರಿಸಿದ. ಒಳಗಿನ ಕಪ್ಪು ಗೂಡಿನ ಜಾಲರಿಗೆ ಜೇಡರ ಬಲೆ, ಅದರ ಮೇಲೆ ನಮ್ಮೂರ ಧೂಳು. ಗೂಡಿನೊಳಗೆ ಸಣ್ಣ ಬೆಳಕು ಹಾಯುತ್ತದಂತೆ. ಹೊಗೆ ಬಂದರೆ ಆ ಬೆಳಕು ಚೆದುರಿ ಪಕ್ಕದಲ್ಲಿರುವ, ಬೆಳಕು ಗುರುತಿಸುವ ಕಣ್ಣಿಗೆ ಬೀಳುತ್ತದೆ, ಆಗ ಅಲಾರ್ಮ್. ಧೂಳು ಹೊಕ್ಕರೂ ಅದೇ ಕತೆ. ಸುಮ್ನೆ ಬಟ್ಟೆಯಲ್ಲಿ ಹೊರಗೆ ಒರೆಸಿದರೆ ಏನೂ ಆಗಲ್ಲ.

ಬ್ಲೋವರ್‌ನಿಂದ ಊದಿ, ಹೊಗೆಯಂತೆ ಸೆನ್ಸರ್ ಕೂಗಿಸುವ ಟೆಸ್ಟ್ ಸ್ಪ್ರೇ ಹೊಡೆದು, "ಯಾವ ಜೋನ್ ಲೈಟ್ ಬಂತ್ರೀ ಅಣ್ಣಾರ?" ಅಂತ ಮೇಲಿಂದ ಕೂಗಿದ. ನಾನು ಪ್ಯಾನಲ್ ಮುಂದೆ ನಿಂತಿದ್ದೆ, ಯಾವ ಭಾಗದ (ಜೋನ್) ಸೆನ್ಸರ್ ಕೂಗಿತು ಅಂತ ಲೈಟ್ ಹಚ್ಚಿ ತೋರಿಸುವ ಪೆಟ್ಟಿಗೆ ಅದು. ಕರೆಂಟ್ ತೆಗೆದು ಬ್ಯಾಟರಿಯನ್ನೂ ನೋಡಿದ. ಪೇಂಟ್‌ನವರು 2 ಸೆನ್ಸರ್‌ಗೆ ಪ್ಲಾಸ್ಟಿಕ್ ಕಟ್ಟಿ ಮರೆತು ಹೋಗಿದ್ದರು. ಅದನ್ನು ಕಂಡುಹಿಡಿದವನೂ ಇವನೇ.

ಹೇಳಿದ ಟೈಮಿಗೆ ಮಾತ್ರ ಬರುವುದಿಲ್ಲ. 11 ಗಂಟೆ ಅಂದರೆ 2 ಗಂಟೆ, ಊಟಕ್ಕೆ ಸರಿಯಾಗಿ.