ಜಗತ್ತಿನ ಸಾಲಿನಲ್ಲಿ ನಮ್ಮ ವರಮಾನ ಎಲ್ಲಿ ನಿಲ್ಲುತ್ತದೆ: ‘ಹೌ ರಿಚ್ ಆ್ಯಮ್ ಐ’ ಕ್ಯಾಲ್ಕುಲೇಟರ್ ವಿಮರ್ಶೆ

‘ಗಿವಿಂಗ್ ವಾಟ್ ವಿ ಕ್ಯಾನ್’ ಸಂಸ್ಥೆಯ ಈ ಉಚಿತ ಆನ್‌ಲೈನ್ ಕ್ಯಾಲ್ಕುಲೇಟರ್ ಕೇಳುವುದು ಸ್ವಲ್ಪವೇ: ನಿಮ್ಮ ದೇಶ, ತೆರಿಗೆ ಕಳೆದ ಮೇಲೆ ಮನೆಗೆ ಬರುವ ವರಮಾನ, ಮನೆಯಲ್ಲಿರುವ ದೊಡ್ಡವರು ಮತ್ತು ಮಕ್ಕಳ ಸಂಖ್ಯೆ. ಇಷ್ಟು ತುಂಬಿದರೆ ಜಗತ್ತಿನ ಶೇಕಡಾ ಎಷ್ಟು ಜನರಿಗಿಂತ ನೀವು ಅನುಕೂಲಸ್ಥರು, ನಿಮ್ಮ ವರಮಾನ ಜಾಗತಿಕ ಮಧ್ಯಾಂಕದ (ಜಗತ್ತಿನ ಅರ್ಧ ಜನರ ವರಮಾನ ಅದಕ್ಕಿಂತ ಕಡಿಮೆ, ಉಳಿದರ್ಧ ಜನರದು ಹೆಚ್ಚು ಇರುವ ಮಟ್ಟದ) ಎಷ್ಟು ಪಟ್ಟು ಎಂಬುದನ್ನು ಅದು ತಿಳಿಸುತ್ತದೆ.

ಫಲಿತಾಂಶ ಕಂಡವರು ಸಾಮಾನ್ಯವಾಗಿ ಎತ್ತುವ ಆಕ್ಷೇಪವೆಂದರೆ, ಬಡ ದೇಶಗಳಲ್ಲಿ ಎಲ್ಲವೂ ಅಗ್ಗವಾಗಿರುವಾಗ ಈ ಹೋಲಿಕೆ ನ್ಯಾಯವೇ ಎಂಬುದು. ಆದರೆ ಇಲ್ಲಿನ ಲೆಕ್ಕ ನಡೆಯುವುದು ವಿನಿಮಯ ದರದ ಮೇಲಲ್ಲ, ಕೊಳ್ಳುವ ಶಕ್ತಿಯ ಸಮಾನತೆಯ ಮೇಲೆ. ಅಂದರೆ ಬೆಲೆಗಳ ವ್ಯತ್ಯಾಸವನ್ನು ಸರಿಹೊಂದಿಸಿದ ನಂತರವೇ ಹೋಲಿಕೆ ಆರಂಭವಾಗುತ್ತದೆ. ವಿಶ್ವ ಬ್ಯಾಂಕ್ 2025ರಲ್ಲಿ ದಿನಕ್ಕೆ 3 ಡಾಲರ್‌ಗೆ ಏರಿಸಿದ ಕಡುಬಡತನದ ರೇಖೆಯೂ ಇದೇ ಬಗೆಯದು: ಅದರ ಕೆಳಗಿರುವವರು ಅಗ್ಗದ ಊರಿನಲ್ಲಿ 3 ಡಾಲರ್ ಹಿಡಿದವರಲ್ಲ, ಅಮೆರಿಕದ ಬೆಲೆಗಳಲ್ಲಿ 3 ಡಾಲರ್‌ಗೆ ಸಿಗುವಷ್ಟು ಸಾಮಗ್ರಿಯಲ್ಲೇ, ಸ್ವಂತ ಹೊಲದಲ್ಲಿ ಬೆಳೆದು ಉಂಡ ಧಾನ್ಯವನ್ನೂ ಸೇರಿಸಿ, ಇಡೀ ದಿನ ಕಳೆಯುವವರು. ಈ ಮಾತನ್ನು ಕ್ಯಾಲ್ಕುಲೇಟರ್ ಫಲಿತಾಂಶದ ಪಕ್ಕದಲ್ಲೇ ದೊಡ್ಡ ಅಕ್ಷರಗಳಲ್ಲಿ ಹೇಳಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಶೇಕಡಾವಾರು ಸ್ಥಾನಕ್ಕಿಂತ ‘ಎಷ್ಟು ಪಟ್ಟು’ ಎಂಬ ಅಂಕಿಯನ್ನೇ ನಾನು ಹೆಚ್ಚು ನೆಚ್ಚುತ್ತೇನೆ. ಸಾಲಿನ ಮೇಲ್ತುದಿಯಲ್ಲಿ ವರಮಾನ ಇಮ್ಮಡಿಯಾದರೂ ಸ್ಥಾನ ಅಲ್ಪಸ್ವಲ್ಪ ಮಾತ್ರ ಕದಲುತ್ತದೆ. ಅಂತರದ ನಿಜವಾದ ಅಗಲ ಕಾಣುವುದು ಪಟ್ಟಿನ ಲೆಕ್ಕದಲ್ಲೇ. ಅತಿ ಶ್ರೀಮಂತರು ಇಂಥ ಲೆಕ್ಕಕ್ಕೆ ಆಧಾರವಾದ ಮನೆಮನೆ ಸಮೀಕ್ಷೆಗಳಿಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಆ ತುದಿಯ ಅಂಕಿಗಳನ್ನು ಅಂದಾಜೆಂದೇ ಓದಬೇಕು.

ಕೊರತೆಯೂ ಸಣ್ಣದಲ್ಲ. ಹೆಸರಿನಲ್ಲಿ ಸಿರಿವಂತಿಕೆ ಇದ್ದರೂ ಇದು ಅಳೆಯುವುದು ವರಮಾನವನ್ನು ಮಾತ್ರ, ಆಸ್ತಿಯನ್ನಲ್ಲ. ಸ್ವಂತ ಮನೆಯಿರುವವರೂ ಸಂಬಳದ ಬಹುಪಾಲನ್ನು ಸಾಲದ ಕಂತಿಗೆ ಕಟ್ಟುವವರೂ ವರಮಾನ ಒಂದೇ ಆಗಿದ್ದರೆ ಒಂದೇ ಸ್ಥಾನ ಪಡೆಯುತ್ತಾರೆ. ಸರ್ಕಾರಿ ಆಸ್ಪತ್ರೆ ಮತ್ತು ಶಾಲೆಗಳಿಂದ ದೊರೆಯುವ ನೆರವಿಗೂ ಈ ಲೆಕ್ಕದಲ್ಲಿ ಜಾಗವಿಲ್ಲ.

2009ರಲ್ಲಿ ಟೋಬಿ ಆರ್ಡ್ ಮತ್ತು ವಿಲಿಯಂ ಮ್ಯಾಕ್‌ಆಸ್ಕಿಲ್ ಆಕ್ಸ್‌ಫರ್ಡ್‌ನಲ್ಲಿ ಕಟ್ಟಿದ ಈ ಸಂಸ್ಥೆ ವರಮಾನದ ಶೇ 10ರಷ್ಟನ್ನು ದಾನ ಮಾಡುವ ಪ್ರತಿಜ್ಞೆಗೆ ಹೆಸರಾದುದು. ಹಾಗಾಗಿ ಅಷ್ಟನ್ನು ಕೊಟ್ಟ ಮೇಲೆ ನಿಮ್ಮ ಸ್ಥಾನ ಎಲ್ಲಿರುತ್ತದೆ ಎಂಬುದನ್ನೂ ಕ್ಯಾಲ್ಕುಲೇಟರ್ ತೋರಿಸುತ್ತದೆ. ಉದ್ದೇಶ ಮರೆಯಲ್ಲಿಲ್ಲ, ಸಾಮಾನ್ಯವಾಗಿ ಇಳಿಕೆ ಎಷ್ಟು ಕಡಿಮೆ ಎಂಬುದನ್ನು ನೋಡಿದರೆ ಅದು ಸಮರ್ಥನೀಯವೂ ಹೌದು. ಅಂಕಿಗಳ ಹಿಂದಿನ ಬದುಕು ಹೇಗಿರುತ್ತದೆ ಎಂದು ತಿಳಿಯಲು ಮಾತ್ರ, ಬೇರೆಬೇರೆ ವರಮಾನದ ಕುಟುಂಬಗಳ ಒಲೆ, ಹಾಸಿಗೆ, ಶೌಚಾಲಯಗಳ ಚಿತ್ರಗಳಿರುವ ಗ್ಯಾಪ್‌ಮೈಂಡರ್ ಸಂಸ್ಥೆಯ ‘ಡಾಲರ್ ಸ್ಟ್ರೀಟ್’ ಅನ್ನು ಇದರ ಜೊತೆಗೇ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.